ಹಡಗಿನಲ್ಲಿ ನಿಂತು ಬಂದ ಕುದುರೆಗಳು



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಶಾಲೆಗಳ ಹಾಜರಿ ಪುಸ್ತಕಗಳನ್ನು ಒಮ್ಮೆ ತೆರೆದು ನೋಡಿ. ಬಾಗವಾನ, ಅತ್ತಾರ, ತಾಂಬೋಳಿ, ಮುಲ್ಲಾ, ಇನಾಮದಾರ ಎಂಬ ಅಡ್ಡಹೆಸರುಗಳ ನಡುವೆ ನಾಲಬಂದ, ಚಾಬುಕಸವಾರ, ಸಿಲೇದಾರ, ಬಾರಗೀರ ಎಂಬ ಹೆಸರುಗಳೂ ಕಣ್ಣಿಗೆ ಬೀಳುತ್ತವೆ. ಇವುಗಳ ಅರ್ಥ ಕೇಳಿದರೆ ಎಷ್ಟೋ ಮಕ್ಕಳಿಗೆ ಗೊತ್ತಿರುವುದಿಲ್ಲ. ಗೊತ್ತಿದ್ದವರು ಕೆಲವೊಮ್ಮೆ ಹೇಳಲು ನಾಚುತ್ತಾರೆ. ನಾಲಬಂದ ಎಂದರೆ ಕುದುರೆಯ ಗೊರಸಿಗೆ ಲಾಳ ಕಟ್ಟುವವನು. ಚಾಬುಕಸವಾರ ಎಂದರೆ ಒರಟು ಕುದುರೆಯನ್ನು ಪಳಗಿಸಿ ಸವಾರಿಗೆ ಸಿದ್ಧ ಮಾಡುವವನು. ಸಿಲೇದಾರ ಎಂದರೆ ಸ್ವಂತ ಕುದುರೆ, ಸ್ವಂತ ಆಯುಧದೊಡನೆ ಸೈನ್ಯಕ್ಕೆ ಸೇರಿದವನು. ಬಾರಗೀರ ಎಂದರೆ ಸರ್ಕಾರ ಅಥವಾ ಸರದಾರ ಕೊಟ್ಟ ಕುದುರೆ ಏರಿ ಹೋರಾಡಿದವನು.

ಭೀಮೆ ಮತ್ತು ಕೃಷ್ಣೆಯರ ನಡುವಿನ ಈ ಎರೆಭೂಮಿಯಲ್ಲಿ ಜೋಳ ಬೆಳೆಯುತ್ತದೆ, ಕಡಲೆ ಬೆಳೆಯುತ್ತದೆ, ದನ ಸಾಕುತ್ತಾರೆ. ಅರಬ್ಬೀ ಕುದುರೆ ಇಲ್ಲಿ ಹುಟ್ಟುವ ಪ್ರಾಣಿಯಲ್ಲ. ಹಾಗಾದರೆ ಇಷ್ಟೊಂದು ಕುದುರೆಯ ಹೆಸರುಗಳು ನಮ್ಮ ಮನೆಗಳಿಗೆ ಬಂದದ್ದು ಹೇಗೆ? ಆ ಕುದುರೆಗಳು ಸಮುದ್ರ ದಾಟಿ, ಅಲುಗಾಡುವ ಹಡಗಿನಲ್ಲಿ ತಿಂಗಳುಗಟ್ಟಲೆ ನಿಂತೇ ಬಂದವು. ಅವು ಬೀಳದಂತೆ, ಕಾಲು ಮುರಿದುಕೊಳ್ಳದಂತೆ ನೋಡಿಕೊಂಡವರು ಯಾರು? ಆ ವಿದ್ಯೆ ಏನು? ರಾಜರ ಇತಿಹಾಸದ ಪುಸ್ತಕಗಳು ಹೆಚ್ಚು ಹೇಳದ ಈ ಸಂಗತಿಯನ್ನು ಇಂದು ನಿಮ್ಮೊಡನೆ ಹಂಚಿಕೊಳ್ಳಲು ಬಯಸುತ್ತೇನೆ.

ದಖ್ಖನ್ನಿಗೆ ಕುದುರೆ ಏಕೆ ಬೇಕಾಯಿತು?

ಮಧ್ಯಯುಗದಲ್ಲಿ ಕುದುರೆಯಿಲ್ಲದ ರಾಜ್ಯ ಉಳಿಯುತ್ತಿರಲಿಲ್ಲ. ಬಹಮನಿ ಸುಲ್ತಾನರು, ಅವರ ನಂತರ 1490ರ ಸುಮಾರಿಗೆ ಸ್ವತಂತ್ರರಾದ ವಿಜಾಪುರದ ಆದಿಲ್‌ಶಾಹಿಗಳು, ದಕ್ಷಿಣದ ವಿಜಯನಗರದ ಅರಸರು, ಎಲ್ಲರ ಬಲವೂ ಅಶ್ವದಳದ ಮೇಲೆ ನಿಂತಿತ್ತು. ನಮ್ಮಲ್ಲಿ ಸ್ಥಳೀಯ ಕುದುರೆಗಳು ಇರಲಿಲ್ಲವೆಂದಲ್ಲ. ಭೀಮಾ ತೀರದ ಹೆಸರನ್ನೇ ಹೊತ್ತ ‘ಭೀಮಥಡಿ’ ತಳಿ ಗಟ್ಟಿಮುಟ್ಟಾದದ್ದು, ಕಡಿಮೆ ಮೇವಿನಲ್ಲಿ ಬದುಕುವಂಥದ್ದು. ಮುಂದೆ ಮರಾಠಾ ಸವಾರರ ಮೂಲಕ ಅದು ಹೆಸರು ಮಾಡಿತು. ಆದರೆ ಅದು ಗಿಡ್ಡ ಕುದುರೆ. ಜಿರಹಿ ತೊಟ್ಟ ಸವಾರನನ್ನು ಹೊತ್ತು ಶತ್ರುಪಾಳೆಯದೊಳಗೆ ನುಗ್ಗಲು ಎತ್ತರದ ಅರಬ್ಬೀ ಮತ್ತು ಪರ್ಸಿಯಾದ ಕುದುರೆಗಳೇ ಬೇಕೆಂದು ಅರಸರು ಬಯಸಿದರು.

ಇತಿಹಾಸಕಾರ ವಸ್ಸಾಫ್ ಬರೆದಿರುವಂತೆ, 13ನೇ ಶತಮಾನದಲ್ಲಿ ಪರ್ಸಿಯಾದ ಅತಾಬೇಗ್ ಅಬೂಬಕ್ರನ ಕಾಲದಲ್ಲಿ ವರ್ಷಕ್ಕೆ 10,000 ಕುದುರೆಗಳು ಅಲ್ಲಿಂದ ತಮಿಳು ಕರಾವಳಿಯ ಮಅಬರ್, ಖಂಬಾತ್ ಮೊದಲಾದ ಬಂದರುಗಳಿಗೆ ಹೋಗುತ್ತಿದ್ದವು. ಒಂದೊಂದಕ್ಕೆ 220 ದೀನಾರ್ ಬೆಲೆ. ವಿಜಯನಗರದಲ್ಲಿದ್ದ ಪೋರ್ಚುಗೀಸ್ ವ್ಯಾಪಾರಿ ನ್ಯೂನಿಜ್, ಅಲ್ಲಿನ ಅರಸರು ಹೋರ್ಮುಜ್‌ನ ಕುದುರೆಗಳನ್ನೂ ನಾಡ ಕುದುರೆಗಳನ್ನೂ ಸೇರಿಸಿ ವರ್ಷಕ್ಕೆ 13,000 ಕೊಳ್ಳುತ್ತಿದ್ದರೆಂದು ಹೇಳುತ್ತಾನೆ. ಈ ಅಂಕಿಗಳಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇದ್ದರೂ ವ್ಯಾಪಾರ ಎಷ್ಟು ದೊಡ್ಡದಿತ್ತೆಂಬುದು ಸ್ಪಷ್ಟವಾಗುತ್ತದೆ.

ಸಮುದ್ರದ ಮೇಲೆ ಒಂದು ತಿಂಗಳು

ಹೋರ್ಮುಜ್‌ನಿಂದ ಗೋವೆಗೆ ನೀರಿನ ಹಾದಿ 2,000 ಕಿಲೋಮೀಟರಿಗೂ ಮಿಗಿಲು. ಅರಬಸ್ತಾನದ ಧೋಫಾರ್‌ನಿಂದ ಒಳ್ಳೆಯ ಗಾಳಿ ಸಿಕ್ಕರೆ ಭಾರತಕ್ಕೆ ಒಂದು ತಿಂಗಳ ಪಯಣ ಎಂದು ಇಬ್ನ್ ಬತೂತ ಬರೆದಿದ್ದಾನೆ. ಗಾಳಿ ನಿಂತುಹೋದರೆ ಇನ್ನೂ ಹೆಚ್ಚು. ರಷ್ಯಾದ ವ್ಯಾಪಾರಿ ಅಫನಾಸಿ ನಿಕಿಟಿನ್ 1469ರ ಸುಮಾರಿಗೆ ಒಂದೇ ಒಂದು ಗಂಡುಕುದುರೆಯನ್ನು ಹಡಗಿಗೆ ಹತ್ತಿಸಿಕೊಂಡು ಕೊಂಕಣದ ಚೌಲ್ ಬಂದರಿಗೆ ಬಂದಿಳಿದ. ಅವನಿಗೆ ಆರು ವಾರ ಹಿಡಿಯಿತು.

ಈ ಪಯಣ ಹೇಗಿತ್ತು? ಸುಮಾರು 1290ರ ದಶಕದಲ್ಲಿ ಈ ಹಾದಿಯಲ್ಲಿ ಬಂದ ಮಾರ್ಕೊ ಪೋಲೊ ಹೋರ್ಮುಜ್‌ನ ಹಡಗುಗಳನ್ನು ಕಂಡು ಹೆದರಿದ್ದ. ಅವುಗಳಿಗೆ ಕಬ್ಬಿಣದ ಮೊಳೆ ಇರಲಿಲ್ಲ. ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದಿದ್ದರು. ಮೇಲೆ ಅಟ್ಟವೂ ಇರಲಿಲ್ಲ. ಕೆಳಗೆ ಸರಕು ತುಂಬಿ, ಅದರ ಮೇಲೆ ಚರ್ಮ ಹೊದಿಸಿ, ಆ ಚರ್ಮದ ಮೇಲೆ ಭಾರತಕ್ಕೆ ಮಾರಾಟಕ್ಕೆ ಹೋಗುವ ಕುದುರೆಗಳನ್ನು ನಿಲ್ಲಿಸುತ್ತಿದ್ದರು. ತಲೆಯ ಮೇಲೆ ಬಿಸಿಲು, ಕಾಲ ಕೆಳಗೆ ಅಲುಗಾಡುವ ಸರಕು, ನಾಲ್ಕೂ ಕಡೆ ನೀರು.

ಒಂದು ಲೆಕ್ಕ ಮಾಡೋಣ. ಒಂದು ಕುದುರೆಗೆ ದಿನಕ್ಕೆ ಸುಮಾರು 30 ಲೀಟರ್ ನೀರು ಬೇಕು. ಹಡಗಿನಲ್ಲಿ 20 ಕುದುರೆಗಳಿದ್ದು, ಪಯಣ 30 ದಿನದ್ದಾದರೆ 18,000 ಲೀಟರ್ ಸಿಹಿನೀರು ಬೇಕು. ಅಂದರೆ 18 ಟನ್ ಭಾರ. ದಿನಕ್ಕೆ ಎಂಟು ಕಿಲೋ ಮೇವು ಎಂದರೂ 4,800 ಕಿಲೋ ಮೇವು. ಇಷ್ಟು ನೀರು, ಮೇವು ಹಡಗಿನ ಹೊಟ್ಟೆಯಲ್ಲಿದ್ದರೆ ಹಡಗು ಸ್ಥಿರವಾಗಿರುತ್ತದೆ. ಆದರೆ ದಿನ ಕಳೆದಂತೆ ನೀರು, ಮೇವು ಖಾಲಿಯಾಗುತ್ತಾ ಹಡಗು ಹಗುರವಾಗುತ್ತದೆ, ಓಲಾಟ ಹೆಚ್ಚುತ್ತದೆ. ಕುದುರೆ ದಣಿದಿರುವ ಕೊನೆಯ ದಿನಗಳಲ್ಲೇ ಹಡಗು ಅದನ್ನು ಹೆಚ್ಚು ಅಲುಗಾಡಿಸುತ್ತದೆ. ಖರ್ಜೂರದಂಥ ಭಾರದ ಸರಕನ್ನು ತಳದಲ್ಲಿ ತುಂಬುವುದು ಇದಕ್ಕೂ ಅನುಕೂಲವಾಗುತ್ತಿತ್ತು.

ನಿಂತ ಕುದುರೆ ಬೀಳುವುದು ಯಾವಾಗ?

ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ಗಮನ ಕೊಡಬೇಕು. ಕುದುರೆ ನಿಂತೇ ತೂಕಡಿಸಬಲ್ಲ ಪ್ರಾಣಿ. ಅದರ ಕಾಲಿನ ಕೀಲು, ಸ್ನಾಯುರಜ್ಜುಗಳಲ್ಲಿ ಒಂದು ಬಗೆಯ ಬೀಗವಿದೆ. ಅದನ್ನು ಹಾಕಿಕೊಂಡರೆ ಹೆಚ್ಚು ಶ್ರಮವಿಲ್ಲದೆ ಗಂಟೆಗಟ್ಟಲೆ ನಿಲ್ಲುತ್ತದೆ. ಆದರೆ ಇದು ಅಲುಗದ ನೆಲದ ಮಾತು. ನೆಲವೇ ಓಲಾಡತೊಡಗಿದರೆ ಆ ಬೀಗ ಕೆಲಸಕ್ಕೆ ಬಾರದು. ಪ್ರತಿ ಕ್ಷಣವೂ ಸ್ನಾಯುಗಳು ಎಳೆದು, ಬಿಟ್ಟು ದೇಹವನ್ನು ಸರಿಪಡಿಸಿಕೊಳ್ಳಬೇಕು. ಹಾಗಾಗಿ ಪಯಣದಲ್ಲಿ ಸುಮ್ಮನೆ ನಿಂತಿರುವಂತೆ ಕಾಣುವ ಕುದುರೆ ನಿಜಕ್ಕೂ ದುಡಿಯುತ್ತಿರುತ್ತದೆ.

ಕುದುರೆಯ ಭಾರದಲ್ಲಿ ನೂರಕ್ಕೆ ಸುಮಾರು ಅರವತ್ತು ಪಾಲು ಮುಂಗಾಲುಗಳ ಮೇಲೆ ಬೀಳುತ್ತದೆ. ತಲೆ ಮತ್ತು ಕುತ್ತಿಗೆ, ಹಗ್ಗದ ಮೇಲೆ ನಡೆಯುವ ದೊಂಬರವನ ಕೈಯಲ್ಲಿರುವ ಬಿದಿರಿನ ಕೋಲಿದ್ದಂತೆ. ಕುದುರೆ ಅವನ್ನು ಮೇಲೆ ಕೆಳಗೆ, ಆಚೆ ಈಚೆ ಆಡಿಸಿ ಸಮತೋಲ ಕಾಯ್ದುಕೊಳ್ಳುತ್ತದೆ. ಆದ್ದರಿಂದ ತಲೆಯನ್ನು ಗಿಡ್ಡ ಹಗ್ಗದಿಂದ ಬಿಗಿದು ಕಟ್ಟಿದರೆ ಅದರ ಕೋಲನ್ನೇ ಕಿತ್ತುಕೊಂಡಂತೆ. ಇನ್ನೊಂದು ತೊಂದರೆಯೂ ಇದೆ. ಕುದುರೆ ತಲೆ ತಗ್ಗಿಸಿದಾಗ ಮಾತ್ರ ಅದರ ಶ್ವಾಸನಾಳದ ಕಫ, ದೂಳು ಕೆಳಗಿಳಿದು ಹೊರಬರುತ್ತದೆ. ದಿನವೆಲ್ಲ ತಲೆ ಎತ್ತಿ ಕಟ್ಟಿದರೆ ಶ್ವಾಸಕೋಶಕ್ಕೆ ಸೋಂಕು ತಗಲಿ ಜ್ವರ ಬರುತ್ತದೆ. ಕುದುರೆ ವಾಂತಿ ಮಾಡಲಾರದ ಪ್ರಾಣಿಯಾದ್ದರಿಂದ ಹೊಟ್ಟೆ ಕೆಟ್ಟರೆ ಹೊರಹಾಕುವ ದಾರಿಯೂ ಇಲ್ಲ.

ಕುದುರೆಯ ನಿಲುವು ಉದ್ದಕ್ಕೆ ಹೆಚ್ಚು, ಅಗಲಕ್ಕೆ ಕಡಿಮೆ. ಮುಂಗಾಲಿಗೂ ಹಿಂಗಾಲಿಗೂ ಅಂತರ ಬಹಳ, ಎಡಗಾಲಿಗೂ ಬಲಗಾಲಿಗೂ ಅಂತರ ಸ್ವಲ್ಪ. ಆದ್ದರಿಂದ ಹಿಂದೆ ಮುಂದೆ ತೂಗಿದರೆ ಅದು ತಡೆದುಕೊಳ್ಳುತ್ತದೆ, ಪಕ್ಕಕ್ಕೆ ನೂಕಿದರೆ ಬೇಗ ಬೀಳುತ್ತದೆ. ಹಡಗು ಹೆಚ್ಚಾಗಿ ಓಲಾಡುವುದು ಎಡಕ್ಕೆ ಬಲಕ್ಕೆ. ಹಾಗಾದರೆ ಕುದುರೆಯನ್ನು ಹೇಗೆ ನಿಲ್ಲಿಸಬೇಕು? ಹಡಗಿನ ಉದ್ದಕ್ಕಲ್ಲ, ಅಡ್ಡಕ್ಕೆ, ಮುಖ ಒಳಗಡೆಗೆ. ಆಗ ಹಡಗಿನ ಪಕ್ಕದ ಓಲಾಟ ಕುದುರೆಗೆ ಹಿಂದೆ ಮುಂದೆ ತೂಗುವ ಓಲಾಟವಾಗುತ್ತದೆ. 19ನೇ ಶತಮಾನದ ಸೇನಾ ಹಡಗುಗಳಲ್ಲಿ ಇದೇ ಪದ್ಧತಿಯಿತ್ತು. ಗೊರಸು ಜಾರದಂತೆ ನೆಲಕ್ಕೆ ಮರದ ಪಟ್ಟಿ ಹೊಡೆದು ತೆಂಗಿನ ನಾರಿನ ಚಾಪೆ ಹಾಸುತ್ತಿದ್ದರು. ಹೊಟ್ಟೆಯ ಕೆಳಗೆ ದಪ್ಪ ಬಟ್ಟೆಯ ಜೋಲಿ ಕಟ್ಟುವುದೂ ಉಂಟು. ಆದರೆ ಕುದುರೆಯನ್ನು ಜೋಲಿಯಲ್ಲಿ ತೂಗುಹಾಕಬಾರದು. ಕಾಲು ತಪ್ಪಿದಾಗ ಹಿಡಿಯುವಷ್ಟು ಮಾತ್ರ ಸಡಿಲವಾಗಿ ಕಟ್ಟಬೇಕು. ಸದಾ ಜೋಲಿಯ ಮೇಲೆ ಭಾರ ಬಿಟ್ಟರೆ ಎದೆ, ಹೊಟ್ಟೆ ಒತ್ತಿ ಅದಕ್ಕೆ ಉಸಿರಾಟವೇ ಕಷ್ಟವಾಗುತ್ತದೆ.

ಈ ನಿಯಮಗಳನ್ನು ಪುಸ್ತಕದಲ್ಲಿ ಬರೆದವರು ನಂತರದವರು. ಆದರೆ ಶತಮಾನಗಳ ಕಾಲ ಸಾವಿರಾರು ಕುದುರೆಗಳು ಜೀವಂತ ಬಂದಿಳಿದದ್ದೇ, ಅದಕ್ಕೂ ಮೊದಲು ಕೈಕೆಲಸದವರಿಗೆ ಅನುಭವದಿಂದ ಏನೋ ತಿಳಿದಿತ್ತೆಂಬುದಕ್ಕೆ ಸಾಕ್ಷಿ. ಕುದುರೆಯ ಪಕ್ಕದಲ್ಲಿ ಮೂವತ್ತು ರಾತ್ರಿ ನಿದ್ದೆಗೆಟ್ಟು ನಿಂತ ಸಾಯಿಸನ ಹೆಸರು ಯಾವ ತಾರೀಖಿನಲ್ಲೂ ಇಲ್ಲ.

ಬಾಲಕ್ಕೂ ಬೆಲೆ ಕೊಟ್ಟ ಅರಸರು

ಇಷ್ಟಾದರೂ ಸಾಯುವ ಕುದುರೆಗಳು ಕಡಿಮೆಯಿರಲಿಲ್ಲ. 1485ರಿಂದ 1491ರವರೆಗೆ ವಿಜಯನಗರ ಆಳಿದ ಸಾಳುವ ನರಸಿಂಹ, ಸಾವಿರ ಪರ್ದಾವ್‌ಗೆ ಮೂರರಂತೆ ಕುದುರೆಗಳನ್ನು ಬದುಕಿದ್ದರೂ ಸತ್ತಿದ್ದರೂ ಕೊಳ್ಳುತ್ತಿದ್ದನಂತೆ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ಕತ್ತರಿಸಿ ತಂದು ತೋರಿಸಿದರೆ ಸಾಕು, ಜೀವಂತ ಕುದುರೆಯ ಬೆಲೆಯೇ ಸಿಗುತ್ತಿತ್ತು ಎಂದು ನ್ಯೂನಿಜ್ ಬರೆದಿದ್ದಾನೆ. ಅದಕ್ಕಿಂತ ಇನ್ನೂರು ವರ್ಷ ಹಿಂದೆ ಕಿಶ್ ದ್ವೀಪದ ಜಮಾಲುದ್ದೀನ್ ಮಅಬರ್‌ನ ಅರಸರಿಗೆ ವರ್ಷಕ್ಕೆ 1,400 ಕುದುರೆ ಒದಗಿಸಲು ಮಾಡಿಕೊಂಡ ಕರಾರಿನಲ್ಲೂ ಸತ್ತವುಗಳ ಬೆಲೆಯನ್ನು ಖಜಾನೆಯಿಂದಲೇ ಕೊಡಬೇಕೆಂದಿತ್ತು.

ವ್ಯಾಪಾರಿಗಳು ಧೈರ್ಯವಾಗಿ ಕುದುರೆ ತರಲೆಂದು ಅರಸರು ಹೀಗೆ ಮಾಡಿದರು. ಒಂದು ಬಗೆಯ ವಿಮೆ ಎನ್ನಬಹುದು. ಆದರೆ ಓದುಗರೇ, ಯೋಚಿಸಿ ನೋಡಿ. ಬಾಲಕ್ಕೂ ಕುದುರೆಗೂ ಒಂದೇ ಬೆಲೆಯಾದರೆ, ಹಡಗಿನಲ್ಲಿ ಇನ್ನೆರಡು ಪೀಪಾಯಿ ನೀರು ಹೆಚ್ಚು ಇಡಬೇಕು, ಇನ್ನೊಬ್ಬ ಸಾಯಿಸನನ್ನು ಕರೆತರಬೇಕು ಎಂದು ಯಾರಿಗೆ ಅನಿಸೀತು? ನಷ್ಟವನ್ನು ಇನ್ನೊಬ್ಬರು ಹೊರುತ್ತಾರೆಂದರೆ ಎಚ್ಚರ ತಪ್ಪುವುದು ಮನುಷ್ಯ ಸ್ವಭಾವ.

ಗೋವೆಯಲ್ಲಿ ಪೋರ್ಚುಗೀಸರು ಇನ್ನೊಂದು ಉಪಾಯ ಮಾಡಿದ್ದರು. 1567ರಲ್ಲಿ ಹಾಳಾದ ವಿಜಯನಗರವನ್ನು ಕಂಡ ವೆನಿಸ್‌ನ ವ್ಯಾಪಾರಿ ಸೀಸರ್ ಫ್ರೆಡರಿಕ್ ಹೇಳುವಂತೆ, 20 ಅಥವಾ ಹೆಚ್ಚು ಕುದುರೆ ತಂದ ಹಡಗಿನ ಉಳಿದ ಸರಕಿಗೆಲ್ಲ ಸುಂಕ ಮಾಫಿ. ಕುದುರೆಯಿಲ್ಲದೆ ಬಂದರೆ ನೂರಕ್ಕೆ ಎಂಟು ಸುಂಕ. ಗೋವೆಯಿಂದ ಒಳನಾಡಿಗೆ ಹೊರಡುವಾಗ ಮಾತ್ರ ಒಂದೊಂದು ಕುದುರೆಗೆ 42 ಪಗೋಡ ಕಟ್ಟಬೇಕು. ಸುಂಕ ಉಳಿಸಲು ಹಡಗಿನಲ್ಲಿ ಹೇಗಾದರೂ ಇಪ್ಪತ್ತು ಕುದುರೆ ತುರುಕಬೇಕೆಂಬ ಆಸೆ ವ್ಯಾಪಾರಿಗೆ ಬಾರದೆ ಇದ್ದೀತೇ?

ಕುದುರೆ ಕೊಂಡರು, ವಿದ್ಯೆ ಕೊಳ್ಳಲಿಲ್ಲ

ನಮ್ಮಂಥ ಶಿಕ್ಷಣ ಸಂಸ್ಥೆಯವರು ನೆನಪಿಡಬೇಕಾದ ಮಾತೊಂದನ್ನು ಮಾರ್ಕೊ ಪೋಲೊ ಬರೆದಿದ್ದಾನೆ. ಮಅಬರ್‌ನ ಪ್ರತಿಯೊಬ್ಬ ಅರಸನೂ ವರ್ಷಕ್ಕೆ 2,000ಕ್ಕೂ ಹೆಚ್ಚು ಕುದುರೆ ಕೊಳ್ಳುತ್ತಿದ್ದ. ವರ್ಷ ಮುಗಿಯುವಷ್ಟರಲ್ಲಿ ನೂರು ಕೂಡ ಉಳಿಯುತ್ತಿರಲಿಲ್ಲ. ಕಾರಣ, ಅಲ್ಲಿ ಲಾಳ ಕಟ್ಟುವವರಿರಲಿಲ್ಲ, ಆರೈಕೆ ತಿಳಿದವರಿರಲಿಲ್ಲ. ಕುದುರೆ ಮಾರುವ ವ್ಯಾಪಾರಿಗಳು ನಾಲಬಂದರನ್ನು ಆ ನಾಡಿಗೆ ಹೋಗಗೊಡುತ್ತಿರಲಿಲ್ಲ. ಹೋದರೆ ಕುದುರೆಗಳು ಬದುಕಿ ಉಳಿದು, ಮರುವರ್ಷದ ವ್ಯಾಪಾರ ಕೆಡುತ್ತದಲ್ಲ! ಅಲ್ಲಿ ಕುದುರೆಗೆ ಹುರಿದ ಜವೆ, ಬೆಣ್ಣೆ ಹಾಕಿದ ಕಾಳು ತಿನ್ನಿಸಿ, ಕಾಯಿಸಿದ ಹಸುವಿನ ಹಾಲು ಕುಡಿಸುತ್ತಿದ್ದರೆಂದು ವಸ್ಸಾಫ್ ಬೇಸರಪಡುತ್ತಾನೆ. ಪ್ರೀತಿಗೆ ಕೊರತೆಯಿರಲಿಲ್ಲ, ತಿಳಿವಳಿಕೆಗೆ ಕೊರತೆಯಿತ್ತು.

ದಖ್ಖನ್ ನಿಧಾನವಾಗಿ ಬೇರೆ ದಾರಿ ಹಿಡಿಯಿತು. ಕುದುರೆಯ ಜೊತೆಗೆ ಕುದುರೆಯ ವಿದ್ಯೆಯೂ ಬಂತು. ಶಾಲಿಹೋತ್ರ ಎಂಬ ಋಷಿಯ ಹೆಸರಿನಲ್ಲಿರುವ ಸಂಸ್ಕೃತದ ಅಶ್ವವೈದ್ಯ ಬಹಮನಿ ಆಸ್ಥಾನದಲ್ಲಿ ಪರ್ಸಿಯನ್ ಭಾಷೆಗೆ ಅನುವಾದವಾಯಿತು. ಕುದುರೆ ವೈದ್ಯನಿಗೆ ನಮ್ಮಲ್ಲಿ ‘ಸಲೋತ್ರಿ’ ಎನ್ನುತ್ತಿದ್ದರಲ್ಲ, ಆ ಪದ ಹುಟ್ಟಿದ್ದು ಶಾಲಿಹೋತ್ರನಿಂದಲೇ. ನಾಲಬಂದ ಎಂಬ ಪದದ ‘ನಾಲ್’ ಅರಬ್ಬಿಯದು, ‘ಬಂದ್’ ಪರ್ಸಿಯನ್ನಿನದು. ಒಂದೇ ಕುದುರೆಲಾಯದಲ್ಲಿ ಸಂಸ್ಕೃತ, ಅರಬ್ಬಿ, ಪರ್ಸಿಯನ್ ಮೂರೂ ಕೂಡಿ ಕೆಲಸ ಮಾಡಿದವು. ವಿದ್ಯೆಗೆ ಜಾತಿ ಧರ್ಮಗಳ ಬೇಲಿಯಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕೆ?

ಘಟ್ಟ ಹತ್ತಿ ಬಯಲುಸೀಮೆಗೆ

ಬಂದರಿನಲ್ಲಿ ಇಳಿದ ಕುದುರೆಯ ಕಷ್ಟ ಅಲ್ಲಿಗೇ ಮುಗಿಯುತ್ತಿರಲಿಲ್ಲ. ತಿಂಗಳುಗಟ್ಟಲೆ ನಿಂತ ಕಾಲುಗಳಿಗೆ ವಿಶ್ರಾಂತಿ ಕೊಟ್ಟು, ನಿಧಾನವಾಗಿ ನಡೆಸಿ ಅಭ್ಯಾಸ ಮಾಡಿಸಿ, ನಂತರ ಸಹ್ಯಾದ್ರಿಯ ಘಟ್ಟ ಹತ್ತಿಸಬೇಕಿತ್ತು. ನಿಕಿಟಿನ್ ಮಳೆಗಾಲವನ್ನು ಜುನ್ನರ್‌ನಲ್ಲಿ ಕಳೆದ. ಅಲ್ಲಿನ ಅಧಿಕಾರಿ ಅಸದ್‌ಖಾನ್ ಅವನ ಕುದುರೆಯನ್ನು ಕಸಿದುಕೊಂಡಿದ್ದ. ಖುರಾಸಾನದ ಖ್ವಾಜಾ ಮುಹಮ್ಮದ್ ಎಂಬ ಸಜ್ಜನ ಮಧ್ಯೆ ಬಂದು ಬಿಡಿಸಿಕೊಟ್ಟ. ಕೊನೆಗೆ ನಿಕಿಟಿನ್ ಅದನ್ನು ಬೀದರಿನಲ್ಲಿ ಮಾರಿದ. ನಮ್ಮ ನೆರೆಯ ಆಳಂದದಲ್ಲಿ ಶೇಖ್ ಅಲಾವುದ್ದೀನರ ಹೆಸರಿನ ಜಾತ್ರೆ ಹತ್ತು ದಿನ ನಡೆಯುತ್ತದೆ, ಅಲ್ಲಿಗೆ 20,000ದವರೆಗೆ ಕುದುರೆಗಳು ಮಾರಾಟಕ್ಕೆ ಬರುತ್ತವೆ ಎಂದು ಅವನು ಬರೆದಿಟ್ಟಿದ್ದಾನೆ. ಲಾಡ್ಲೆ ಮಶಾಯಿಖ್ ದರ್ಗಾಕ್ಕೆ ಹೋಗಿಬಂದವರು ಇನ್ನೊಮ್ಮೆ ಹೋದಾಗ ಆ ಬಯಲನ್ನು ಈ ಕಣ್ಣಿನಿಂದ ನೋಡಬೇಕು.

ಕುದುರೆಯ ದಾರಿ ಯಾರ ಕೈಯಲ್ಲಿದೆಯೋ ರಾಜ್ಯ ಅವರ ಕೈಯಲ್ಲಿ ಎಂಬಂತಾಗಿತ್ತು. 1510ರಲ್ಲಿ ಪೋರ್ಚುಗೀಸರು ವಿಜಾಪುರದಿಂದ ಗೋವೆಯನ್ನು ಕಸಿದುಕೊಂಡರು. ಅಂದಿನಿಂದ ಆದಿಲ್‌ಶಾಹಿಗಳಿಗೆ ದಾಭೋಳದಂಥ ಬಂದರುಗಳೇ ಆಸರೆಯಾದವು. 1520ರ ರಾಯಚೂರು ಯುದ್ಧಕ್ಕೂ ನ್ಯೂನಿಜ್ ಕೊಡುವ ಕಾರಣ ಕುದುರೆಯೇ. ಕೃಷ್ಣದೇವರಾಯ ಗೋವೆಯಲ್ಲಿ ಕುದುರೆ ಕೊಳ್ಳಲು 40,000 ಪರ್ದಾವ್ ಕೊಟ್ಟು ಕಳಿಸಿದ ಮನುಷ್ಯ ಹಣದೊಡನೆ ಆದಿಲ್‌ಶಾಹಿ ಸೀಮೆಗೆ ಓಡಿಹೋದ. 1547ರಲ್ಲಿ ಪೋರ್ಚುಗೀಸರು ವಿಜಯನಗರದೊಡನೆ ಮಾಡಿಕೊಂಡ ಒಪ್ಪಂದದಲ್ಲಿ, ಗೋವೆಗೆ ಬರುವ ಕುದುರೆಗಳು ವಿಜಯನಗರಕ್ಕೇ ಹೋಗಬೇಕು, ಆದಿಲ್‌ಶಾಹಿಗೆ ಸಿಗಕೂಡದು ಎಂಬ ಕರಾರು ಇತ್ತು.

ಕೊನೆಗೆ 1565ರ ಜನವರಿ 23. ವಿಜಾಪುರ, ಅಹಮದನಗರ, ಗೋಲ್ಕೊಂಡ, ಬೀದರಗಳ ಸೈನ್ಯಗಳು ಸೇರಿದ್ದು ನಮ್ಮ ತಾಳಿಕೋಟೆಯಲ್ಲಿ. ಮೊದಲು ಮುದ್ದೇಬಿಹಾಳ ತಾಲ್ಲೂಕಿನಲ್ಲಿದ್ದು ಈಗ ತಾನೇ ಒಂದು ತಾಲ್ಲೂಕಾಗಿರುವ ಊರು ಅದು ಎಂದು ಇಂದಿನವರಿಗೆ ಗುರುತು ಹೇಳಬಹುದು. ಯುದ್ಧ ನಡೆದದ್ದು ಕೃಷ್ಣೆಯ ದಂಡೆಯಲ್ಲಿ, ರಕ್ಕಸಗಿ-ತಂಗಡಗಿಯ ಹೆಸರಿನಲ್ಲೂ ಅದನ್ನು ಕರೆಯುತ್ತಾರೆ. ಇದನ್ನು ಎರಡು ಧರ್ಮಗಳ ಯುದ್ಧವೆಂದು ಸುಲಭವಾಗಿ ಹೇಳಿಬಿಡುವವರಿದ್ದಾರೆ. ಅದಕ್ಕೆ ಏಳೇ ವರ್ಷ ಮೊದಲು ರಾಮರಾಯ ಮತ್ತು ಅಲಿ ಆದಿಲ್‌ಶಹಾ ಒಂದೇ ಪಕ್ಷದಲ್ಲಿದ್ದರು. ರಾಮರಾಯನ ಸೈನ್ಯದಲ್ಲಿ ಮುಸ್ಲಿಂ ಸರದಾರರಿದ್ದರು, ವಿಜಾಪುರದ ಸೈನ್ಯದಲ್ಲಿ ಮರಾಠಾ ಸವಾರರಿದ್ದರು. ಎರಡೂ ಕಡೆಯ ಸವಾರರ ಕೆಳಗೆ ಇದ್ದದ್ದು ಒಂದೇ ಹಾದಿಯಲ್ಲಿ ಸಮುದ್ರ ದಾಟಿ ಬಂದ ಕುದುರೆಗಳು.

ಸೋಲಿನ ನಂತರದ ಒಂದು ಘಟನೆಯನ್ನು ಸೀಸರ್ ಫ್ರೆಡರಿಕ್ ದಾಖಲಿಸಿದ್ದಾನೆ. ರಾಮರಾಯನ ತಮ್ಮ ತಿರುಮಲನಿಗೆ ಕುದುರೆಗಳ ಅಗತ್ಯ ಬಿತ್ತು. ಯುದ್ಧದಲ್ಲಿ ಕಳೆದುಹೋದ ತನ್ನ ಕುದುರೆಗಳನ್ನು ತಂದರೂ ಬೆಲೆ ಕೊಡುತ್ತೇನೆಂದು ಸಾರಿ, ವ್ಯಾಪಾರಿಗಳು ತಂದ ಕುದುರೆಗಳನ್ನೆಲ್ಲ ಇಟ್ಟುಕೊಂಡು, ಹಣ ಕೊಡದೆ ಕಳಿಸಿಬಿಟ್ಟನಂತೆ. ಸತ್ತ ಕುದುರೆಯ ಬಾಲಕ್ಕೂ ಬೆಲೆ ಕೊಟ್ಟ ಸಿಂಹಾಸನ ಬದುಕಿದ ಕುದುರೆಗೂ ಹಣ ಕೊಡಲಾರದ ಸ್ಥಿತಿಗೆ ಬಂದಿತ್ತು.

ಕುದುರೆ ವ್ಯಾಪಾರಿಯ ಮೊಮ್ಮಗ ದಿವಾನ

1686ರಲ್ಲಿ ವಿಜಾಪುರ ಮೊಗಲರ ಕೈಸೇರಿತು. ರಾಜ್ಯಗಳು ಅಳಿದರೂ ಕುದುರೆಗಳು ಬರುವುದು ನಿಲ್ಲಲಿಲ್ಲ. 1824ರಲ್ಲಿ ಶಿರಾಜ್‌ನಿಂದ ಆಗಾ ಅಲಿ ಅಸ್ಕರ್ ಎಂಬ ತರುಣ ಅಣ್ಣತಮ್ಮಂದಿರೊಡನೆ ಕುದುರೆಗಳನ್ನು ತಂದು ಬೆಂಗಳೂರಿಗೆ ಬಂದ. ಕಮಿಷನರ್ ಮಾರ್ಕ್ ಕಬ್ಬನ್‌ರ ವಿಶ್ವಾಸ ಗಳಿಸಿ, ಬೆಂಗಳೂರಿನಲ್ಲಿ ಅನೇಕ ಬಂಗಲೆಗಳನ್ನು ಕಟ್ಟಿಸಿದ. ಅಲಿ ಅಸ್ಕರ್ ರಸ್ತೆ ಇಂದಿಗೂ ಅವನ ಹೆಸರಿನಲ್ಲಿದೆ. ಅವನ ಮೊಮ್ಮಗನೇ 1926ರಿಂದ 1941ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್. ಕುದುರೆ ವ್ಯಾಪಾರಿಯ ಮನೆಯಿಂದ ದಿವಾನಗಿರಿಗೆ ಎರಡೇ ತಲೆಮಾರು. ನಡುವೆ ಇದ್ದ ಮೆಟ್ಟಿಲು ಶಿಕ್ಷಣ.

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಮೈಸೂರು ಲ್ಯಾನ್ಸರ್ಸ್ ದಳದ ಕುದುರೆಗಳು ಮುಂಬಯಿಯಿಂದ ಹಡಗು ಹತ್ತಿ ಸೂಯೆಜ್‌ಗೆ ಹೋದವು. ಆರುನೂರು ವರ್ಷ ಅರಬಸ್ತಾನದಿಂದ ನಮ್ಮಲ್ಲಿಗೆ ಬರುತ್ತಿದ್ದ ಕುದುರೆ ಈಗ ಕನ್ನಡನಾಡಿನಿಂದ ಆ ಕಡೆಗೆ ಹೊರಟಿತ್ತು. 1918ರ ಸೆಪ್ಟೆಂಬರ್ 23ರಂದು ಜೋಧಪುರ ಮತ್ತು ಮೈಸೂರಿನ ಸವಾರರು ಹೈಫಾ ಪಟ್ಟಣವನ್ನು ಗೆದ್ದುಕೊಂಡರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ.

ಹಡಗು ಹೋಗಿ ಲಾರಿ ಬಂತು

ಇಂದು ಓಟದ ಕುದುರೆ, ಪೊಲೀಸ್ ಕುದುರೆ, ಮದುವೆ ಮೆರವಣಿಗೆಯ ಕುದುರೆಗಳೆಲ್ಲ ಲಾರಿ, ಟ್ರೇಲರ್‌ಗಳಲ್ಲಿ ಪಯಣಿಸುತ್ತವೆ. ಸಮುದ್ರದ ಅಲೆಯ ಜಾಗದಲ್ಲಿ ಈಗ ರಸ್ತೆಯ ತಗ್ಗು, ತಿರುವು ಮತ್ತು ಚಾಲಕನ ಬ್ರೇಕ್ ಇವೆ. ಕುದುರೆಯ ದೇಹ ಮಾತ್ರ ಮಾರ್ಕೊ ಪೋಲೊ ಕಂಡ ಕುದುರೆಯದ್ದೇ.

ಪ್ರಾಣಿಗಳ ಸಾಗಣೆಯ ಬಗ್ಗೆ ಭಾರತ ಸರ್ಕಾರ 1978ರಲ್ಲಿ ಮಾಡಿದ ನಿಯಮಗಳಲ್ಲಿ ಕುದುರೆಗೆ ಪ್ರತ್ಯೇಕ ಭಾಗವಿದೆ. ವಾಹನದಲ್ಲಿ ಎರಡು ಕುದುರೆಗಳ ನಡುವೆ ಕನಿಷ್ಠ 8 ಸೆಂಟಿಮೀಟರ್ ದಪ್ಪದ ಬಿದಿರು ಇರಬೇಕು. ಬೀಳದಂತೆ ಹಿಂದುಗಡೆ ಎರಡು ಗಟ್ಟಿ ಅಡ್ಡಪಟ್ಟಿ ಬೇಕು. ಜೊತೆಗೊಬ್ಬ ಆಳು ಇರಬೇಕು. ವೇಗ ಗಂಟೆಗೆ 35 ಕಿಲೋಮೀಟರ್ ಮೀರಬಾರದು. ಹಡಗಿನಲ್ಲಾದರೆ ಅಡ್ಡಕ್ಕೆ, ಮುಖ ಒಳಗಡೆ ಮಾಡಿ ನಿಲ್ಲಿಸಬೇಕು. ಹಳೆಯ ಹಡಗಿನವರ ಅನುಭವ ಇಂದಿನ ಕಾನೂನಿನಲ್ಲಿ ಅಕ್ಷರವಾಗಿ ಉಳಿದಿದೆ.

ಇತ್ತೀಚಿನ ಸಂಶೋಧಕರು ಇನ್ನೂ ಕೆಲವು ಸಂಗತಿ ಕಂಡುಕೊಂಡಿದ್ದಾರೆ. ಕಟ್ಟದೆ ಬಿಟ್ಟರೆ ಅನೇಕ ಕುದುರೆಗಳು ತಾವಾಗಿ ವಾಹನ ಹೋಗುವ ದಿಕ್ಕಿಗೆ ಬೆನ್ನು ಮಾಡಿ ನಿಲ್ಲುತ್ತವೆ. ಹಾಗೆ ನಿಂತರೆ ಬ್ರೇಕ್ ಹಾಕಿದಾಗ ನೂಕು ತಲೆಯ ಬದಲು ದಪ್ಪ ತೊಡೆಗಳ ಕಡೆ ಬೀಳುತ್ತದೆ. ಎಲ್ಲ ಪ್ರಯೋಗಗಳೂ ಒಂದೇ ಉತ್ತರ ಕೊಟ್ಟಿಲ್ಲ, ಕುದುರೆಯಿಂದ ಕುದುರೆಗೆ ವ್ಯತ್ಯಾಸವಿದೆ. ಆದರೆ ಕೆಲವು ಮಾತುಗಳಲ್ಲಿ ಭಿನ್ನಾಭಿಪ್ರಾಯವಿಲ್ಲ. ಅಡ್ಡಗಟ್ಟೆ ಕಾಲು ಅಗಲಿಸಿ ನಿಲ್ಲಲು ಬಿಡಬೇಕು, ಅತಿ ಇಕ್ಕಟ್ಟಾದರೆ ಆಸರೆಯೇ ಅಪಾಯವಾಗುತ್ತದೆ. ತಲೆ ತಗ್ಗಿಸುವಷ್ಟು ಹಗ್ಗ ಸಡಿಲವಿರಬೇಕು. ನೆಲ ಜಾರಬಾರದು. ಮೂರು ನಾಲ್ಕು ಗಂಟೆಗೊಮ್ಮೆ ವಾಹನ ನಿಲ್ಲಿಸಿ ನೀರು ಕೊಡಬೇಕು, ದಣಿದ ಕಾಲಿಗೆ ಬಿಡುವು ಕೊಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಚಾಲಕ ತಿರುವಿನಲ್ಲಿ, ಬ್ರೇಕಿನಲ್ಲಿ ಸಾವಕಾಶವಾಗಿರಬೇಕು. ಹಿಂದೆ ನಿಂತವನಿಗೆ ಮುಂದೆ ಏನು ಬರುತ್ತದೆಂದು ಕಾಣುವುದಿಲ್ಲ.

ವಿಜಾಪುರದಲ್ಲಿ ಟಾಂಗಾ ಹತ್ತಿದವರಿಗೆ ಇದೆಲ್ಲ ಹೊಸತಲ್ಲ. ಹಿಂದೆ ಹೆಚ್ಚು ಜನ ಕೂತರೆ ಟಾಂಗಾದ ಮೂಕಿ ಮೇಲೇಳುತ್ತದೆ, ಮುಂದೆ ಹೆಚ್ಚಾದರೆ ಕುದುರೆಯ ಬೆನ್ನಿನ ಮೇಲೆ ಭಾರ ಬೀಳುತ್ತದೆ. “ಒಬ್ಬರು ಮುಂದ ಬರ್‍ರಿ, ಹಿಂದ ಭಾರ ಆಗೈತಿ” ಎನ್ನುವ ಟಾಂಗಾದವರು ಭೌತಶಾಸ್ತ್ರ ಓದಿದವರಲ್ಲ. ಆದರೆ ಭಾರಕೇಂದ್ರ ಎಂಬ ಪಾಠವನ್ನು ದಿನವೂ ಕೈಯಾರೆ ಮಾಡುತ್ತಾರೆ.

ಕೊನೆಯ ಮಾತು

ಪವಿತ್ರ ಕುರ್‌ಆನಿನ ಒಂದು ಅಧ್ಯಾಯದ ಹೆಸರೇ ‘ಅಲ್ ಆದಿಯಾತ್’, ಓಡುವ ಕುದುರೆಗಳು. ಮಾತು ಬಾರದ ಪ್ರಾಣಿಯ ಮೇಲೆ ಅದರ ಶಕ್ತಿಗೆ ಮೀರಿದ ಹೊರೆ ಹೊರಿಸಬಾರದೆಂಬುದು ನಮಗೆ ಪ್ರವಾದಿಯವರ ಬೋಧನೆ. ಬಸವಣ್ಣನವರು ಹುಟ್ಟಿದ ಈ ನೆಲದಲ್ಲಿ ದಯೆಯ ಪಾಠ ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ದಯೆಯೊಂದೇ ಸಾಲದೆಂಬುದನ್ನು ಬೆಣ್ಣೆ ತಿಂದು ಸತ್ತ ಕುದುರೆಗಳು ನಮಗೆ ಕಲಿಸುತ್ತವೆ. ದಯೆಯ ಜೊತೆಗೆ ತಿಳಿವಳಿಕೆ ಬೇಕು.

ನಾಲಬಂದ, ಚಾಬುಕಸವಾರ ಎಂಬ ಹೆಸರು ಹೊತ್ತ ವಿದ್ಯಾರ್ಥಿಗಳೇ, ಇನ್ನು ಮುಂದೆ ಯಾರಾದರೂ ಅರ್ಥ ಕೇಳಿದರೆ ತಲೆ ತಗ್ಗಿಸಬೇಡಿ. ಅರಸರು ಚಿನ್ನ ಕೊಟ್ಟರೂ ವ್ಯಾಪಾರಿಗಳು ಗಡಿ ದಾಟಗೊಡದ ವಿದ್ಯೆ ನಿಮ್ಮ ಹಿರಿಯರ ಕೈಯಲ್ಲಿತ್ತು. ಆ ವಿದ್ಯೆ ಅವರ ಕೈಯಲ್ಲೇ ಉಳಿಯಿತು, ಕಾಗದಕ್ಕೆ ಬರಲಿಲ್ಲ. ಆದ್ದರಿಂದಲೇ ಇಂದು ಅದರ ಬಹುಪಾಲು ಕಳೆದುಹೋಗಿದೆ. ನಿಮ್ಮ ಮನೆಯಲ್ಲಿ ಅಜ್ಜ, ಅಜ್ಜಿ ಇದ್ದರೆ ಕುದುರೆಯ ಬಗ್ಗೆ, ಟಾಂಗಾದ ಬಗ್ಗೆ, ಲಾಳದ ಬಗ್ಗೆ ಕೇಳಿ. ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದಿಡಿ. ಪಶುವೈದ್ಯ ಓದುವ ಆಸೆಯಿದ್ದವರು ಅದನ್ನು ಕೀಳೆಂದು ಬಿಡಬೇಡಿ. ಸಲೋತ್ರಿಗಳ ಸಾಲಿನಲ್ಲಿ ನೀವು ಮುಂದಿನವರು.

ಇನ್ನೊಂದು ನೆನಪಿನೊಡನೆ ಮುಗಿಸುತ್ತೇನೆ. 1342ರ ಸುಮಾರಿಗೆ ಇಬ್ನ್ ಬತೂತ ದೆಹಲಿ ಸುಲ್ತಾನರ ಕಾಣಿಕೆಯನ್ನು ಚೀನಾಕ್ಕೆ ಒಯ್ಯಲು ಗುಜರಾತಿನ ಗಂಧಾರ್ ಬಂದರಿನಲ್ಲಿ ಹಡಗು ಹತ್ತಿದ. ಅವನಿದ್ದ ಹಡಗಿನಲ್ಲಿ ಕಾಣಿಕೆಯ 70 ಕುದುರೆಗಳಿದ್ದವು. ಆ ಹಡಗುಗಳು ನಮ್ಮ ಕರಾವಳಿಯ ಉದ್ದಕ್ಕೂ ಸಾಗಿ ಹೊನ್ನಾವರಕ್ಕೆ ಬಂದವು. ಆ ಊರಿನವರಿಗೆ ಹೊಲವಿಲ್ಲ, ಸಮುದ್ರದ ವ್ಯಾಪಾರವೇ ಅವರ ಜೀವನ ಎಂದು ಅವನು ಬರೆದಿದ್ದಾನೆ. ಆ ಪಟ್ಟಣದಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಶಾಲೆಗಳನ್ನು ಕಂಡೆ, ಬೇರೆಲ್ಲೂ ಇಂಥದ್ದನ್ನು ಕಾಣಲಿಲ್ಲ ಎಂದು ಪ್ರಪಂಚ ಸುತ್ತಿದ ಆ ಮನುಷ್ಯ ಬೆರಗಾಗಿದ್ದಾನೆ.

ಸಮುದ್ರದ ವ್ಯಾಪಾರದಿಂದ ಕೆಲವರು ಸುಂಕ ಕೂಡಿಹಾಕಿದರು, ಕೆಲವರು ಕೋಟೆ ಕಟ್ಟಿದರು. ಹೊನ್ನಾವರದ ಜನ ಅದೇ ಸಮುದ್ರದ ದಂಡೆಯ ಮೇಲೆ ಮಕ್ಕಳಿಗೆ ಶಾಲೆ ನಡೆಸಿದರು, ಹೆಣ್ಣುಮಕ್ಕಳಿಗೂ ನಡೆಸಿದರು. ಸುಮಾರು ಏಳುನೂರು ವರ್ಷಗಳ ಹಿಂದಿನ ಆ ಲೆಕ್ಕದ ಮುಂದೆ ನಮ್ಮ ಊರಿನ ಲೆಕ್ಕವನ್ನು ಇಟ್ಟು ನೋಡೋಣ. ನಿಮ್ಮ ಓಣಿಯಲ್ಲಿ ಏಳನೆಯ ತರಗತಿಗೇ ಶಾಲೆ ಬಿಟ್ಟ ಹುಡುಗಿಯರು ಎಷ್ಟು ಮಂದಿ? ಈ ಸಂಚಿಕೆ ಓದಿ ಮಡಿಸಿಡುವ ಮುನ್ನ ಅವರಲ್ಲಿ ಒಬ್ಬಳ ಮನೆಗಾದರೂ ಹೋಗಿಬನ್ನಿ.